ಟೇಪಣ್ಣ ಮನೆಯನ್ನು ಟ್ರಸ್ಟಿಗೆ ಬರೆದದ್ದು

ಟೇಪಣ್ಣನ ಮೈಮೇಲೆ ಅವನದೇ ಅಳತೆಯ ಷರ್ಟನ್ನು ಕಂಡವರು ಆ ಬೀದಿಯಲ್ಲಿ ಒಬ್ಬರೂ ಇರಲಿಲ್ಲ. ಹೊಲಿಯಲು ಕೊಟ್ಟು ಮತ್ತೆ ಇತ್ತ ತಲೆ ಹಾಕದ ಗಿರಾಕಿಗಳ ಬಟ್ಟೆಯೇ ಅವನ ಬಟ್ಟೆ. ಒಂದು ದಿನ ಯಾವನೋ ಉದ್ದನೆಯ ಆಸಾಮಿಯ ತೋಳು ಅವನ ಬೆರಳ ತುದಿಯವರೆಗೆ ಇಳಿದಿದ್ದರೆ, ಮರುದಿನ ಯಾವನೋ ಕುಳ್ಳನ ಕಾಲರು ಅವನ ಕುತ್ತಿಗೆ ಹಿಡಿದಿರುತ್ತಿತ್ತು. ದೂರದಿಂದ ಬರುವವನು ಟೇಪಣ್ಣನೋ ಅಲ್ಲವೋ ಎಂಬುದನ್ನು ಜನ ಕೊರಳಿಗೆ ಸುತ್ತಿದ ಟೇಪು ನೋಡಿಯೇ ತೀರ್ಮಾನಿಸುತ್ತಿದ್ದರು. ಊರಿಗೆಲ್ಲ ಹೊಲಿಯುವವನು ತನಗೊಂದು ಯಾಕೆ ಹೊಲಿದುಕೊಳ್ಳುವುದಿಲ್ಲ ಎಂದು ಯಾರಾದರೂ ಕೇಳಿದರೆ, "ಟೇಪ್ ಹಿಡಿದವನು ತನ್ನ ಬೆನ್ನು ತಾನು ಹೇಗಪ್ಪಾ ಅಳೀತಾನೆ?" ಎಂದು ನಿಟ್ಟುಸಿರು ಬಿಡುತ್ತಿದ್ದ. ಈ ಮಾತನ್ನು ಓದುಗರು ದಯವಿಟ್ಟು ನೆನಪಿಟ್ಟುಕೊಳ್ಳಬೇಕು. ಮುಂದೆ ಆಗುವ ಅನಾಹುತಕ್ಕೆಲ್ಲ ಬೇರೆ ಕಾರಣ ಹುಡುಕುವ ಶ್ರಮ ತಪ್ಪುತ್ತದೆ.

ಟೇಪಣ್ಣ ದಣಿದಿದ್ದ. ಹೊಲಿದು ದಣಿದದ್ದಲ್ಲ. ದಿನವೂ ಊಟದ ಹೊತ್ತಿಗೆ ತನ್ನ ಸಾವಿನ ನಂತರದ ಸಮಾಚಾರ ಕೇಳಿ ಕೇಳಿ ದಣಿದಿದ್ದ.

"ಅಪ್ಪನ ನಂತರ ಹಿಂದಿನ ಕೋಣೆ ಗೋಡೆ ಒಡೆಸಿ ಗಾಡಿ ನಿಲ್ಲಿಸೋಕೆ ಜಾಗ ಮಾಡ್ಕೊಳ್ತೀನಿ," ಎಂದು ಮಗ ತಟ್ಟೆಯಿಂದ ತಲೆ ಎತ್ತದೆ ಹೇಳುತ್ತಿದ್ದ. ಅವನು ಸ್ಕೂಟರ್ ಮಾರುವ ಅಂಗಡಿಯಲ್ಲಿ ಕೆಲಸಕ್ಕಿದ್ದ. ಮನುಷ್ಯರಿಗಿಂತ ಗಾಡಿಗಳಿಗೆ ನೆರಳು ಮುಖ್ಯ ಎಂಬುದು ಅವನ ಅಭಿಪ್ರಾಯ.

"ಗಾಡಿಯೂ ಇಲ್ಲ ಗೀಡಿಯೂ ಇಲ್ಲ. ಅಪ್ಪನ ನಂತರ ಅಲ್ಲಿ ನಾನು ಔಷಧಿ ಗೋಡೌನ್ ಮಾಡ್ತೀನಿ ಅಂತ ಯಾವತ್ತೋ ಹೇಳಿದೀನಿ," ಎಂದು ಔಷಧಿ ಅಂಗಡಿಯಲ್ಲಿ ಕೆಲಸ ಮಾಡುವ ಮಗಳು ಹೇಳುತ್ತಿದ್ದಳು.

"ಏನ್ರೀ, ನಿಮ್ಮ ನಂತರದ ವಿಷಯ, ನೀವೇ ಒಂದು ಮಾತು ಹೇಳಬಾರದಾ?" ಎಂದು ಹೆಂಡತಿ ಕೇಳುತ್ತಿದ್ದಳು.

"ನನ್ನ ನಂತರ ಹೇಳ್ತೀನಿ. ಈಗ ಸ್ವಲ್ಪ ಉಪ್ಪು ಈ ಕಡೆ ತಳ್ಳು," ಎನ್ನುತ್ತಿದ್ದ ಟೇಪಣ್ಣ.

ತೊಂದರೆ ಏನೆಂದರೆ, ಆ ಹಿಂದಿನ ಕೋಣೆಯಲ್ಲಿ ಅಕ್ಕ ಇದ್ದಳು. ತಾಯಿ ಹೋದಾಗ ಟೇಪಣ್ಣನಿಗೆ ತನ್ನ ಷರ್ಟಿನ ಗುಂಡಿ ತಾನು ಹಾಕಿಕೊಳ್ಳಲೂ ಬರುತ್ತಿರಲಿಲ್ಲ. ಅಕ್ಕ ಗುಂಡಿ ಹಾಕಿದಳು, ಸೂಜಿ ಹಿಡಿಯುವುದನ್ನು ಕಲಿಸಿದಳು, ಮಿಷನ್ ಕೊಡಿಸಿದಳು. ಆಮೇಲೆ ಅಂಗಡಿಯ ಅಷ್ಟೂ ಷರ್ಟಿಗೆ ಕಾಜಾ ಹಾಕುತ್ತಾ ಕುಳಿತಳು. ಮದುವೆಯ ಯೋಚನೆ ಮಾಡಲು ಅವಳಿಗೆ ಪುರುಸೊತ್ತೇ ಆಗಲಿಲ್ಲ. ಈಗ ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕಾಗಿತ್ತು. ಊಟದ ಹೊತ್ತಿನ ಮಾತು ಮುಗಿದ ಮೇಲೆ ಅವಳು ತಟ್ಟೆ ತೊಳೆದಿಟ್ಟು, ಕೋಣೆಗೆ ಹೋಗಿ, ತನ್ನ ಹಳೆಯ ತಗಡಿನ ಟ್ರಂಕಿನ ಧೂಳು ಒರೆಸುತ್ತಿದ್ದಳು. ಆ ಸದ್ದು ಕೇಳಿದರೆ ಟೇಪಣ್ಣ ತಟ್ಟೆ ಬಿಟ್ಟು ಎದ್ದುಬಿಡುತ್ತಿದ್ದ. ಅಕ್ಕನನ್ನು ಆ ಕೋಣೆಯಿಂದ ಯಾರೂ ಏಳು ಎನ್ನಬಾರದು. ಅವನಿಗೆ ಈ ಲೋಕದಲ್ಲಿ ಬೇಕಾಗಿದ್ದದ್ದು ಅದೊಂದೇ.

ಹಾಗಿದ್ದರೆ ಒಂದು ವಿಲ್ ಬರೆದಿಟ್ಟರೆ ಮುಗಿಯಿತು ಎಂದು ಅವನು ಅಂದುಕೊಂಡಿದ್ದ. ಆದರೆ ಒಂದು ದಿನ ಸಕ್ಕರೆ ಸಾಹುಕಾರರು ಕೋಟಿನ ಟ್ರಯಲ್ಲಿಗೆ ಬಂದರು. ಟೇಪಣ್ಣ ಅವರ ಬೆನ್ನಿಗೆ ಗುರುತು ಹಾಕುತ್ತಾ ಈ ಸಂಗತಿ ಹೇಳಿದ. ಸಾಹುಕಾರರು ನಕ್ಕರು, ಸೀಮೆಸುಣ್ಣದ ಗೆರೆ ಸೊಟ್ಟಗಾಯಿತು.

"ವಿಲ್ಲಾ? ಅದನ್ನ ಸಣ್ಣಪುಟ್ಟೋರು ಬರೀತಾರೆ ಕಣಯ್ಯಾ. ನೀನು ಕಣ್ಣು ಮುಚ್ಚಿದ ಮೇಲೆ ತಾನೇ ಅದಕ್ಕೆ ಜೀವ ಬರೋದು? ಅಲ್ಲಿವರೆಗೆ ದಿನಾ ಜಗಳ, ಆಮೇಲೆ ಕೋರ್ಟು. ನನ್ನ ನೋಡು, ಎಲ್ಲಾ ಟ್ರಸ್ಟಿಗೆ ಹಾಕಿಬಿಟ್ಟಿದೀನಿ. ಆಸ್ತಿ ಟ್ರಸ್ಟಿಂದು. ನೋಡ್ಕೊಳ್ಳೋರು ಟ್ರಸ್ಟಿಗಳು. ಅನುಭವಿಸೋರು ಮನೆಯವರು. ಬದುಕಿರುವಾಗಲೇ ಎಲ್ಲಾ ಇತ್ಯರ್ಥ. ನನ್ನ ತಲೆ ಮೇಲೆ ಈಗ ಒಂದು ಹುಲ್ಲುಕಡ್ಡಿ ಭಾರವೂ ಇಲ್ಲ."

ಟೇಪಣ್ಣನ ಬಾಯಲ್ಲಿ ಗುಂಡುಸೂಜಿಗಳಿದ್ದವು. ಎದುರಾಡಲು ಆಗಲಿಲ್ಲವಾದ್ದರಿಂದ ಮಾತು ನೇರವಾಗಿ ತಲೆಗೆ ಹೋಗಿ ಕುಳಿತುಬಿಟ್ಟಿತು.

ಅಂದಿನಿಂದ ಅವನು ಕೈ ಹಿಂದೆ ಕಟ್ಟಿಕೊಂಡು ನಿಲ್ಲತೊಡಗಿದ. ಎದುರಿನ ಇಸ್ತ್ರಿಯವನಿಗೆ, "ನಾನೂ ಒಂದು ಟ್ರಸ್ಟ್ ಮಾಡ್ತಾ ಇದೀನಪ್ಪ," ಎಂದ.

"ಅಣ್ಣಾ, ಅದಕ್ಕೆ ಆಸ್ತಿ ಎಷ್ಟಿರಬೇಕು?"

"ಆಸ್ತಿ ಎಷ್ಟು ಅನ್ನೋದು ಮುಖ್ಯ ಅಲ್ಲ. ಯೋಜನೆ ಮುಖ್ಯ."

ಇಸ್ತ್ರಿಯವನು ಅವನ ಷರ್ಟಿನ ತೋಳು ನೋಡಿದ, ಅದು ಅಂಗೈ ದಾಟಿ ನೇತಾಡುತ್ತಿತ್ತು. ದೊಡ್ಡವರ ಲಕ್ಷಣವೇ ಇರಬೇಕೆಂದುಕೊಂಡು ಇಸ್ತ್ರಿ ಮುಂದುವರಿಸಿದ.

ವಕೀಲರ ಕಚೇರಿಯಲ್ಲಿ ಟೇಪಣ್ಣನಿಗೆ ಕುಳಿತು ಮಾತಾಡಲು ಬರಲಿಲ್ಲ. ಅಳತೆ ಹೇಳುವಾಗ ನಿಂತೇ ಅಭ್ಯಾಸ. ವಕೀಲರ ಗುಮಾಸ್ತ ಬರೆದುಕೊಳ್ಳುತ್ತಿದ್ದ, ಇವನು ಮನೆಯವರೆಲ್ಲ ಎದುರಿಗೆ ಸಾಲಾಗಿ ನಿಂತಿದ್ದಾರೋ ಎಂಬಂತೆ ಗಾಳಿಯಲ್ಲಿ ಟೇಪು ಹಿಡಿದು ಕೂಗುತ್ತಿದ್ದ.

"ಹೆಂಡತಿ... ಮುಂದಿನ ಕೋಣೆ, ಅಡಿಗೆಮನೆ. ಮಗ... ಮಹಡಿ ಕೋಣೆ. ಮಗಳು... ಪಕ್ಕದ ಕೋಣೆ. ಬೀದಿ ಕಡೆ ಇರೋ ಅಂಗಡಿ ಮಕ್ಕಳಿಬ್ಬರಿಗೂ ಸಮ. ಒಬ್ಬರ ಕೋಣೇಲಿ ಇನ್ನೊಬ್ಬರು ಕಾಲಿಡಬಾರದು, ಬೀಡು ಬಿಡಬಾರದು. ಬಿಗಿಯಾಗಿ ಬರೀರಿ."

"ಎಷ್ಟು ಬಿಗಿ?" ಎಂದರು ವಕೀಲರು. ಅವರೂ ದಣಿದವರೇ. ಅವರ ಮೇಜಿನ ಮೇಲೆ ಊರಿನ ಅಣ್ಣತಮ್ಮಂದಿರ ಜಗಳಗಳೆಲ್ಲ ಕಟ್ಟು ಕಟ್ಟಾಗಿ ಬಿದ್ದಿದ್ದವು.

"ಉಸಿರಾಡೋಕೆ ಮಾತ್ರ ಬಿಟ್ಟು ಸ್ವಾಮೀ. ಇನ್ನು ಅಕ್ಕ... ಹಿಂದಿನ ಕೋಣೆ, ಅವಳಿರೋವರೆಗೂ. ಅವಳದ್ದು ಮಾತ್ರ ಸಡಿಲ ಇರಲಿ. ಕಣ್ಣು ಕಾಣಿಸಲ್ಲ. ಆಸರೆಗೆ ಅಂತ ಅವಳಿಗೆ ಬೇಕಾದೋರು ಒಬ್ಬರನ್ನ ಜೊತೇಲಿ ಇಟ್ಕೊಳ್ಳಲಿ. ಅದು ಯಾರು, ಯಾಕೆ ಅಂತ ಯಾರೂ ಕೇಳಬಾರದು."

"ಆಯ್ತು. ನಿಮಗೆ?"

"ನನಗೇನು ಸ್ವಾಮೀ, ನೆಮ್ಮದಿ ಒಂದಿದ್ದರೆ ಸಾಕು."

"ನೆಮ್ಮದಿ ಪತ್ರದಲ್ಲಿ ಬರೆಯೋಕಾಗಲ್ಲ ಟೇಪಣ್ಣ. ಹೋಗಲಿ, ನೀವೂ ಒಬ್ಬ ಟ್ರಸ್ಟಿ ಆಗಿ."

"ಬೇಡಿ. ಸಾಕಾಗಿದೆ."

"ಮುಂದೆ ಯಾವತ್ತಾದರೂ ವಾಪಸ್ ತಗೊಳ್ಳೋ ಅಧಿಕಾರ ಇಟ್ಕೊಳ್ತೀರಾ?"

"ಇಟ್ಕೊಂಡ್ರೆ, ವಾಪಸ್ ತಗೋ ಅಂತ ಅದಕ್ಕೊಂದು ಜಗಳ ಶುರುವಾಗುತ್ತೆ. ಅದೂ ಬೇಡ."

"ನೋಡಿ, ಇದು ನೋಂದಣಿ ಆದ ದಿನದಿಂದಲೇ ಮನೆ ನಿಮ್ಮದಲ್ಲ. ಅರ್ಥ ಆಯ್ತಾ?"

"ಅದಕ್ಕೇ ತಾನೇ ಸ್ವಾಮೀ ಬಂದಿರೋದು!" ಎಂದ ಟೇಪಣ್ಣ. ಅವನ ಮುಖದಲ್ಲಿ ಸಕ್ಕರೆ ಸಾಹುಕಾರರ ಕಳೆ ಬಂದಿತ್ತು.

ಇನ್ನು ಟ್ರಸ್ಟಿಗಳು ಯಾರು ಎಂಬ ಪ್ರಶ್ನೆ. ಟೇಪಣ್ಣ ಇದನ್ನು ಬಹಳ ಯೋಚಿಸಿಟ್ಟುಕೊಂಡಿದ್ದ. ಅವನು ಯೋಚಿಸದೆ ಮಾಡಿದ ಕೆಲಸಗಳೇ ಒಂದಿಷ್ಟು ನೆಟ್ಟಗಿರುತ್ತಿದ್ದವು. ಒಬ್ಬರು ಹೆಂಡತಿಯ ಅಣ್ಣ. ರೈಲಿನಲ್ಲಿ ಟಿಕೆಟ್ ತಪಾಸಣೆ ಮಾಡಿ ನಿವೃತ್ತರಾದವರು, ನೆಂಟರ ಮನೆಗೆ ಹೋದರೂ ಎಲ್ಲರ ಮುಖವನ್ನೂ ಟಿಕೆಟ್ ಕೇಳುವಂತೆಯೇ ನೋಡುತ್ತಿದ್ದರು. ಟೇಪಣ್ಣನಿಗೆ ಭಾವ. ಇನ್ನೊಬ್ಬರು ಪಕ್ಕದ ಮನೆಯ ಡ್ರಿಲ್ ಮೇಷ್ಟ್ರು. ಶಾಲೆ ಬಿಟ್ಟರೂ ಕೊರಳಿನ ಸೀಟಿ ಬಿಟ್ಟಿರಲಿಲ್ಲ. ಈ ಇಬ್ಬರಿಗೂ ಹಾವು ಮುಂಗುಸಿ ಸಂಬಂಧ. ಒಮ್ಮೆ ಟೇಪಣ್ಣನ ಮನೆಗೆ ಸುಣ್ಣ ಹೊಡೆಸುವಾಗ ಭಾವ ಮೇಷ್ಟ್ರ ಏಣಿ ತಂದಿದ್ದರು. ವಾಪಸ್ ಕೊಟ್ಟಾಗ ಅದರಲ್ಲೊಂದು ಮೆಟ್ಟಿಲು ಇರಲಿಲ್ಲ. "ಇತ್ತು," ಎಂದರು ಮೇಷ್ಟ್ರು. "ಇರಲೇ ಇಲ್ಲ," ಎಂದರು ಭಾವ. ಅಂದಿನಿಂದ ಒಬ್ಬರ ಮುಖ ಒಬ್ಬರು ನೋಡಿದವರಲ್ಲ.

"ಜಗಳ ಆಡಿದೋರನ್ನ ಯಾಕ್ರೀ ಒಟ್ಟಿಗೆ ಹಾಕ್ತೀರಿ?" ಎಂದು ವಕೀಲರು ಕೇಳಿದರು.

"ಅದೇ ನೋಡಿ ಉಪಾಯ. ಸ್ನೇಹಿತರನ್ನ ಹಾಕಿದ್ರೆ ಇಬ್ಬರೂ ಸೇರಿ ಮನೆ ನುಂಗಿ ನೀರು ಕುಡೀತಾರೆ. ಇವರು ಈ ಜನ್ಮದಲ್ಲಿ ಸೇರಲ್ಲ. ಇಬ್ಬರೂ ಒಪ್ಪಿದ್ರೆ ಮಾತ್ರ ಏನಾದರೂ ಮಾಡಬಹುದು ಅಂತ ಬರೀರಿ. ಅವರಿಬ್ಬರೂ ಒಪ್ಪಿದ ವಿಷಯ ಅಂದ್ರೆ ಅದು ಸತ್ಯವೇ ಆಗಿರಬೇಕು."

ವಕೀಲರು ಗುಮಾಸ್ತನಿಗೆ ಬರೆದುಕೋ ಎಂದು ಸನ್ನೆ ಮಾಡಿದರು.

ನೋಂದಣಿಯಾದ ದಿನ ಟೇಪಣ್ಣ ಊಟದ ಹೊತ್ತಿಗೆ ಪತ್ರದ ಸಾರಾಂಶ ಹೇಳಿದ. ಮಗ ತಟ್ಟೆಯಿಂದ ತಲೆ ಎತ್ತಿದ. ಮಗಳು ಬಾಯಿ ಮುಚ್ಚಿದಳು. ಹೆಂಡತಿ, "ನನ್ನ ಹೆಸರಲ್ಲೂ ಒಂದು ಕೋಣೆನಾ?" ಎಂದು ಎರಡೆರಡು ಸಲ ಕೇಳಿದಳು. ಅಪ್ಪನ ನಂತರ ಎಂಬ ಮಾತು ಆ ಮನೆಯಿಂದ ಕಾಲು ಕಿತ್ತಿತು. ಅಕ್ಕ ಒಳಗೆ ಹೋದಳು. ಟೇಪಣ್ಣ ಕಿವಿಗೊಟ್ಟು ಕೇಳಿದ, ಧೂಳು ಒರೆಸುವ ಸದ್ದಿಲ್ಲ. ಬೆಳಿಗ್ಗೆ ಇಣುಕಿ ನೋಡಿದರೆ ಟ್ರಂಕಿನ ಮೇಲೊಂದು ಬಟ್ಟೆ ಹಾಸಿ, ಅದರ ಮೇಲೆ ನೀರಿನ ಲೋಟ ಇಟ್ಟುಕೊಂಡಿದ್ದಳು. ಹೊರಡಲು ಕಾದಿದ್ದ ಟ್ರಂಕು ಮೇಜಾಗಿಬಿಟ್ಟಿತ್ತು. ಟೇಪಣ್ಣನಿಗೆ ತಾನು ಬದುಕಿದ್ದು ಸಾರ್ಥಕ ಎನ್ನಿಸಿತು. ಆ ಭಾವನೆ ನೀರೆತ್ತುವ ಮೋಟರು ಸುಡುವವರೆಗೂ ಹಾಗೆಯೇ ಇತ್ತು.

ಮೋಟರು ಒಂದು ಬೆಳಿಗ್ಗೆ ಕೆಟ್ಟ ವಾಸನೆ ಬಿಟ್ಟು ನಿಂತುಹೋಯಿತು. ರಿಪೇರಿಯವನು ಬಂದು ಬಗ್ಗಿ ನೋಡಿ, "ವೈಂಡಿಂಗ್ ಹೋಗಿದೆ, ಬಿಚ್ಚಬೇಕು. ಮನೆ ಯಜಮಾನರು ಯಾರು?" ಎಂದ.

"ಟ್ರಸ್ಟು," ಎಂದ ಟೇಪಣ್ಣ, ಕೈ ಹಿಂದೆ ಕಟ್ಟಿಕೊಂಡು.

ರಿಪೇರಿಯವನು ಸ್ಪ್ಯಾನರನ್ನು ಚೀಲದೊಳಗೆ ಹಾಕಿದ. "ಹಾಗಿದ್ರೆ ಟ್ರಸ್ಟನ್ನ ಕರೀರಿ. ನಾಳೆ ಯಾರು ಬಿಚ್ಚು ಅಂದೋರು ಅಂತ ನನ್ನ ಕುತ್ತಿಗೆಗೆ ಬರೋದು ಬೇಡ."

ಟೇಪಣ್ಣ ಭಾವನ ಮನೆಗೆ ಹೋದ.

"ಆ ಸೀಟಿ ಒಪ್ಪಿದನಾ?" ಎಂದರು ಭಾವ.

"ಒಪ್ತಾರೆ ಭಾವ, ಸಣ್ಣ ವಿಷಯ."

"ಹಾಗಿದ್ರೆ ನಾನು ಒಪ್ಪಲ್ಲ."

ಮೇಷ್ಟ್ರ ಮನೆಗೆ ಹೋದ.

"ಆ ಟಿಕೆಟ್ಟು ಏನಂದ?"

"ಅವರು... ಇನ್ನೂ ಯೋಚನೆ ಮಾಡ್ತಾ ಇದಾರೆ ಮೇಷ್ಟ್ರೇ."

"ಅವನು ಯೋಚನೆ ಮಾಡಿ ಮುಗಿಸಲಿ. ಆಮೇಲೆ ಅದಕ್ಕೆ ಉಲ್ಟಾ ನಾನು ಹೇಳ್ತೀನಿ."

ಮನೆಯಲ್ಲಿ ನೀರಿಲ್ಲ. ಟೇಪಣ್ಣ ಬೀದಿ ನಲ್ಲಿಯಿಂದ ಕೊಡ ಹೊತ್ತು ತರತೊಡಗಿದ. ಬೀದಿಯ ಜನ ಸಾಲಿನಲ್ಲಿ ಅವನಿಗೆ ಜಾಗ ಬಿಡಲಿಲ್ಲ. "ಟ್ರಸ್ಟ್ ಇರೋರು, ಸ್ವಲ್ಪ ಕಾಯಲಿ," ಎಂದರು. ಇಸ್ತ್ರಿಯವನು ಮಾತ್ರ ಕನಿಕರಪಟ್ಟು, "ಅಣ್ಣಾ, ಯೋಜನೆಯಲ್ಲಿ ನೀರು ಸೇರಿರಲಿಲ್ವಾ?" ಎಂದು ಕೇಳಿದ.

ಸೊಂಟ ಬಿದ್ದುಹೋದ ಮೇಲೆ ಟೇಪಣ್ಣನಿಗೆ ಬುದ್ಧಿ ಓಡಿತು. ಭಾವನ ಬಳಿ ಹೋಗಿ, "ಮೇಷ್ಟ್ರು ಮೋಟರು ಮುಟ್ಟಬೇಡಿ ಅಂತಾರೆ ಭಾವ," ಎಂದ. "ಮುಟ್ಟಬೇಡಿ ಅನ್ನೋಕೆ ಅವನ್ಯಾರು? ಬಿಚ್ಚಿಸು!" ಎಂದು ಭಾವ ಸಹಿ ಹಾಕಿದರು. ಮೇಷ್ಟ್ರ ಬಳಿ ಹೋಗಿ, "ಭಾವ ಬೇಡ ಅಂತಾರೆ," ಎಂದ. ಮೇಷ್ಟ್ರೂ ಸಹಿ ಹಾಕಿದರು. ಇಷ್ಟಕ್ಕೇ ಬಿಟ್ಟಿದ್ದರೆ ಈ ಕಥೆ ಇಲ್ಲಿಗೆ ಮುಗಿಯುತ್ತಿತ್ತು. ಆದರೆ ಇಬ್ಬರಿಗೂ ಇನ್ನೊಬ್ಬನ ಮುಖ ಹುಳ್ಳಗಾಗುವುದನ್ನು ಕಣ್ಣಾರೆ ನೋಡಬೇಕೆಂಬ ಆಸೆ. ಹೀಗಾಗಿ ಮೋಟರು ಕೂಡಿಸುವ ದಿನ ಟೇಪಣ್ಣನ ಹಿತ್ತಿಲಲ್ಲಿ ಇಬ್ಬರೂ ಹಾಜರಾದರು.

ಮಹಡಿ ಮೇಲಿನ ತೊಟ್ಟಿಗೆ ನೀರು ಏರುತ್ತಿದೆಯೋ ಇಲ್ಲವೋ ನೋಡಬೇಕಿತ್ತು. ತೊಟ್ಟಿಗೆ ಒರಗಿಸಿದ್ದು ಮೇಷ್ಟ್ರ ಅದೇ ಏಣಿ. "ನಾನೇ ನೋಡ್ತೀನಿ, ಬೇರೆಯವರ ಮಾತು ನಂಬೋಕಾಗಲ್ಲ," ಎಂದು ಗಾಳಿಗೆ ಹೇಳಿ ಭಾವ ಹತ್ತಿದರು. ಇಳಿಯುವಾಗ, ಇಲ್ಲದ ಮೆಟ್ಟಿಲಿನ ಮೇಲೆ ಕಾಲಿಟ್ಟರು.

ಭಾವನ ಒಂದು ಕಾಲು ಗಾಳಿಯಲ್ಲಿ ಓಲಾಡಿತು. ಟೇಪಣ್ಣ ಕಣ್ಣು ಮುಚ್ಚಿಕೊಂಡ. ಆಗ ಸೀಟಿ ಮೊಳಗಿತು. "ಎಡಗಾಲು! ಎಡಗಾಲು ಕೆಳಗೆ! ಇನ್ನೂ ಕೆಳಗೆ! ನಿಲ್ಲಿ!" ಮೇಷ್ಟ್ರು ಓಡಿಬಂದು ಭಾವನ ಹಿಮ್ಮಡಿ ಹಿಡಿದು ಕೆಳಗಿನ ಮೆಟ್ಟಿಲಿನ ಮೇಲಿಟ್ಟರು. ಭಾವ ಆಜ್ಞೆ ಪಾಲಿಸಿ ಕೆಳಗಿಳಿದು ಕುಳಿತುಬಿಟ್ಟರು.

ಕುಳಿತವರು ಮಂಡಿ ಉಜ್ಜಿಕೊಂಡರು.

"ಮಂಡಿನಾ?" ಎಂದರು ಮೇಷ್ಟ್ರು.

"ಬಲಗಡೆದು. ಮೆಟ್ಟಿಲು ಇಳಿಯುವಾಗ ಮಾತ್ರ."

"ನನಗೂ ಅಷ್ಟೇ. ಹತ್ತೋವಾಗ ಏನೂ ಇಲ್ಲ, ಇಳಿಯುವಾಗ ಜೀವ ಹೋಗುತ್ತೆ. ಯಾವ ಮುಲಾಮು ಹಚ್ತೀರಿ?"

ಮುಲಾಮು ಒಂದೇ ಆಗಿತ್ತು. ಡಾಕ್ಟರೂ ಒಬ್ಬರೇ. ಇಬ್ಬರಿಗೂ ಆ ಡಾಕ್ಟರನ್ನು ಕಂಡರೆ ಆಗುತ್ತಿರಲಿಲ್ಲ. ಟೇಪಣ್ಣ ಟೀ ತರುವಷ್ಟರಲ್ಲಿ ಅವರು ಪರಸ್ಪರರ ಮಂಡಿ ಒತ್ತಿ ನೋಡುತ್ತಿದ್ದರು. ಎರಡನೇ ಟೀ ಹೊತ್ತಿಗೆ ಏಣಿಯ ವಿಚಾರವೂ ಬಂತು.

"ನಾನಂತೂ ಮುರಿದಿಲ್ಲ ಮೇಷ್ಟ್ರೇ."

"ನೀವು ಅಂಥೋರಲ್ಲ ಬಿಡಿ. ಆಗ ಏಣಿ ಯಾರ ಮನೇಲಿತ್ತು?"

ಇಬ್ಬರೂ ನಿಧಾನವಾಗಿ ಟೇಪಣ್ಣನ ಕಡೆ ತಿರುಗಿದರು. ಟೇಪಣ್ಣ ಜನ್ಮದಲ್ಲಿ ಏಣಿ ಹತ್ತಿದವನಲ್ಲ, ಎತ್ತರ ಕಂಡರೆ ತಲೆ ತಿರುಗುತ್ತಿತ್ತು. ಹಾಗೆಂದು ಹೇಳಿಯೂ ಹೇಳಿದ. ಆದರೆ ಮೆಟ್ಟಿಲು ಮುರಿದವನು ಟೇಪಣ್ಣನೇ ಎಂದು ಇಬ್ಬರೂ ಒಪ್ಪಿದರು. ಅವರಿಬ್ಬರೂ ಒಪ್ಪಿದ ಮೇಲೆ ಅದು ಸತ್ಯವೇ ಆಗಿರಬೇಕು.

ಅಲ್ಲಿಂದ ಶುರುವಾಯಿತು. ದಿನವೂ ಬೆಳಿಗ್ಗೆ ಟ್ರಸ್ಟಿನ ಸಭೆ, ಟೇಪಣ್ಣನ ಅಂಗಡಿಯಲ್ಲೇ. ಬಟ್ಟೆ ಕತ್ತರಿಸುವ ಮೇಜಿನ ಮೇಲೆ ಟೀ ಲೋಟಗಳು. ಮೇಷ್ಟ್ರು ಸೀಟಿ ಊದಿ ಸಭೆ ಆರಂಭಿಸುವರು, ಭಾವ ಮನೆಯೆಲ್ಲ ಸುತ್ತಿ ತಪಾಸಣೆ ಮಾಡಿ ಬಂದು ವರದಿ ಒಪ್ಪಿಸುವರು. ಹಗಲು ದೀಪ ಹಚ್ಚಬಾರದು. ಮಹಡಿಯಲ್ಲಿ ಚಪ್ಪಲಿ ಸದ್ದು ಮಾಡಬಾರದು. ನಲ್ಲಿಯನ್ನು ಎರಡು ಬೆರಳಿನಲ್ಲಿ ತಿರುಗಿಸಬೇಕು, ಮುಷ್ಟಿಯಲ್ಲಿ ತಿರುಗಿಸಿದರೆ ಒಳಗಿನ ರಬ್ಬರು ಹಾಳು. ಎಲ್ಲವೂ ಇಬ್ಬರೂ ಒಪ್ಪಿದ ನಿರ್ಣಯಗಳು. ಪ್ಯಾಂಟಿನ ಟ್ರಯಲ್ಲಿಗೆ ಬಂದ ಗಿರಾಕಿಗಳು ಪರದೆಯ ಹಿಂದೆಯೇ ನಿಂತು ಸಭೆ ಮುಗಿಯಲಿ ಎಂದು ಕಾಯುತ್ತಿದ್ದರು.

"ಇವರಿಬ್ಬರೂ ಸೇರಲ್ಲ ಅಂದಿದ್ರಲ್ಲಪ್ಪ," ಎಂದ ಮಗ.

"ನಾನೂ ಹಾಗೇ ಅಂದ್ಕೊಂಡಿದ್ದೆ," ಎಂದ ಟೇಪಣ್ಣ. ದಣಿವು ಈಗ ಮೊದಲಿನಷ್ಟೇ ಇತ್ತು, ಸ್ವಲ್ಪ ಜಾಗ ಬದಲಿಸಿತ್ತು.

ಇಂಥದ್ದೊಂದು ಸಭೆಯ ನಡುವೆ ನೀರಿನ ಕಚೇರಿಯಿಂದ ಒಬ್ಬ ನೌಕರ ಬಂದ. ಮನೆ ಟ್ರಸ್ಟಿಗೆ ಹೋದದ್ದರಿಂದ ನಲ್ಲಿಯ ಸಂಪರ್ಕವನ್ನೂ ಅದರ ಹೆಸರಿಗೆ ಬದಲಿಸಬೇಕಿತ್ತು. ಮನೆಯಲ್ಲಿ ಹಕ್ಕಿನಿಂದ ವಾಸವಿರುವವರ ಹೆಸರು ಹೇಳಿ ಎಂದ. ಭಾವ ಪತ್ರ ತೆಗೆದು ಗಟ್ಟಿಯಾಗಿ ಓದಿದರು. ಹೆಂಡತಿ, ಮಗ, ಮಗಳು, ಅಕ್ಕ. ಮುಂದಿನ ಪುಟ ತಿರುಗಿಸಿದರು. ಹಿಂದಿನ ಪುಟಕ್ಕೆ ಬಂದರು. ಪತ್ರವನ್ನು ಮೇಷ್ಟ್ರ ಕೈಗೆ ಕೊಟ್ಟರು. ಮೇಷ್ಟ್ರು ಓದಿ, ಸೀಟಿಯನ್ನು ಬಾಯಿಗಿಟ್ಟು, ಊದದೆ ಕೆಳಗಿಳಿಸಿದರು.

"ಇವರ್ಯಾರು?" ಎಂದ ನೌಕರ, ಟೀ ಲೋಟ ಎತ್ತುತ್ತಿದ್ದ ಟೇಪಣ್ಣನನ್ನು ತೋರಿಸಿ.

"ಇವನು... ಇಲ್ಲೇ ಇರ್ತಾನೆ," ಎಂದರು ಭಾವ.

"ಯಾವ ಹಕ್ಕಿನ ಮೇಲೆ?"

ಭಾವನ ಮುಖದಲ್ಲಿ ಹಳೆಯ ಕೆಲಸದ ಬೆಳಕು ಹತ್ತಿತು. ಇಡೀ ಜೀವಮಾನ ಟಿಕೆಟ್ ಇಲ್ಲದವರನ್ನು ಹಿಡಿದ ಮನುಷ್ಯ. ಈಗ ಸ್ವಂತ ತಂಗಿಯ ಗಂಡನೇ ಸಿಕ್ಕಿಬಿದ್ದಿದ್ದ. ಆದರೂ ನೆಂಟಸ್ತಿಕೆ ನೋಡಬೇಕಲ್ಲ. ತುಂಬ ಮೆತ್ತಗೆ, "ಟೇಪಣ್ಣ, ನಿನ್ನದೆಲ್ಲಪ್ಪಾ?" ಎಂದು ಕೇಳಿದರು.

ಟೇಪಣ್ಣ ಲೋಟ ಕೆಳಗಿಟ್ಟ. ಅಳತೆ ಕೂಗಿದ್ದು ನೆನಪಾಯಿತು. ಹೆಂಡತಿ, ಮಗ, ಮಗಳು, ಅಕ್ಕ, ಎಲ್ಲರೂ ಎದುರಿಗೆ ನಿಂತಿದ್ದರು. ಟೇಪು ಹಿಡಿದವನು ಸಾಲಿನಲ್ಲಿ ಇರಲೇ ಇಲ್ಲ.

ಸುದ್ದಿ ಬೀದಿಗೆ ಹೋಗಲು ಇಸ್ತ್ರಿಪೆಟ್ಟಿಗೆ ಆರುವಷ್ಟೂ ಹೊತ್ತು ಹಿಡಿಯಲಿಲ್ಲ. ಬಂದವರೆಲ್ಲ ಬಾಡಿಗೆ ಮನೆಗಳ ವಿಳಾಸ ಕೊಟ್ಟು ಹೋದರು. ಟೇಪಣ್ಣ ಮುಂದಿನ ಕೋಣೆಗೆ ಹೋಗಿ ಹೆಂಡತಿಯ ಎದುರು ನಿಂತ.

"ಏನೇ, ನೀನಾದರೂ ಒಂದು ಮಾತು ಹೇಳೇ."

"ನಾನೇನ್ರೀ ಹೇಳ್ಲಿ? ಅಣ್ಣ ಪತ್ರ ಓದಿ ಹೇಳಿದ್ದಾನೆ, ಒಬ್ಬರ ಕೋಣೇಲಿ ಇನ್ನೊಬ್ಬರು ಬೀಡು ಬಿಡಬಾರದಂತೆ. ಬಿಗಿಯಾಗಿ ಬರೀರಿ ಅಂದೋರು ನೀವೇ ಅಂತೆ." ಅವಳು ಹಾಸಿಗೆ ಕೊಡವುತ್ತಾ, "ಇಷ್ಟು ವರ್ಷದಲ್ಲಿ ಮೊದಲನೇ ಸಲ ನನ್ನದು ಅಂತ ಒಂದು ಕೋಣೆ ಆಗಿದೆ ರೀ. ಅದರಲ್ಲಿ ಗೊರಕೆ ಇಲ್ಲದೇ ಒಂದು ವಾರ ಮಲಗೋಣ ಅಂತ ಆಸೆ. ಆಮೇಲೆ ನೋಡೋಣ," ಎಂದಳು.

ಮಗ, ಮಹಡಿಯಲ್ಲಿ ಜಾಗ ಇದೆ, ಆದರೆ ಮಾಮನಿಗೆ ಗೊತ್ತಾದರೆ ಕಷ್ಟ ಎಂದ. ಮಗಳು ನಿದ್ರೆ ಬರುವ ಔಷಧಿ ತಂದುಕೊಡಲೇ ಎಂದು ಕೇಳಿದಳು. ಊಟದ ಹೊತ್ತಿಗೆ ಅಪ್ಪನ ನಂತರ ಎಂಬ ಮಾತು ಹೋಗಿ ಅಪ್ಪ ಎಲ್ಲಿ ಎಂಬ ಮಾತು ಬಂದಿತ್ತು. ಟೇಪಣ್ಣ ಅಂಗಡಿಯ ಮೇಜಿನ ಮೇಲೆ ಮಲಗತೊಡಗಿದ, ತಲೆದಿಂಬಿಗೆ ಯಾರದೋ ಅರ್ಧ ಹೊಲಿದ ಕೋಟು.

ಮತ್ತೆ ವಕೀಲರ ಕಚೇರಿ.

"ನಿಮಗೇನು ಅಂತ ನಾನು ಕೇಳಿದ್ದೆ," ಎಂದರು ವಕೀಲರು. "ನೆಮ್ಮದಿ ಸಾಕು ಅಂದ್ರಿ."

"ಅಂದಿದ್ದು ನಿಜ ಸ್ವಾಮೀ. ಬಾಯಿ ತಪ್ಪಿ ದೊಡ್ಡ ಮಾತು ಬಂತು. ಈಗ ಪತ್ರ ಒಡೆಯೋಕೆ ಆಗಲ್ವಾ?"

"ವಾಪಸ್ ತಗೊಳ್ಳೋ ಅಧಿಕಾರ ಬೇಡ ಅಂದೋರು ನೀವೇ. ಕೋರ್ಟಿಗೆ ಹೋಗಿ ಒಡೆಸಿದರೂ ನಿಮ್ಮ ಅಕ್ಕನ ಕೋಣೆಯೂ ಹೋಗುತ್ತೆ."

ಟೇಪಣ್ಣ ಎದ್ದು ನಿಂತ. "ಹಾಗಿದ್ರೆ ಬೇಡಿ. ಮೇಜು ಗಟ್ಟಿಯಾಗೇ ಇದೆ."

ವಕೀಲರಿಗೆ ಅಂದು ಮೊದಲ ಸಲ ಅವನ ಮೇಲೆ ಪ್ರೀತಿ ಬಂತು. "ಕೂತ್ಕೊಳ್ಳಿ. ಇಷ್ಟು ಸುಲಭದ್ದಕ್ಕೆ ಯಾಕೆ ಒದ್ದಾಡ್ತೀರಿ? ಇಬ್ಬರು ಟ್ರಸ್ಟಿಗಳೂ ಒಪ್ಪಿ, ಮನೇಲಿ ಇಂಥ ಕಡೆ ಟೇಪಣ್ಣ ಇರಲಿ ಅಂತ ಒಂದು ನಿರ್ಣಯ ಮಾಡಿದರೆ ಮುಗೀತು. ಅವರಿಬ್ಬರೂ ಈಗ ಅನ್ಯೋನ್ಯವಾಗಿದ್ದಾರೆ ಅಂತೀರಲ್ಲ."

ಟೇಪಣ್ಣ ಹಗುರಾಗಿ ಮನೆಗೆ ಬಂದ. ಹಿತ್ತಿಲಲ್ಲಿ ವಿಶೇಷ ಸಭೆ ಸೇರಿತು. ಬೀದಿಯ ಜನ ಕಾಂಪೌಂಡಿನ ಮೇಲೆ ಮೊಳಕೈ ಊರಿ ನಿಂತರು. ಟೇಪಣ್ಣ ಇರಲಿ ಎಂಬುದಕ್ಕೆ ಇಬ್ಬರೂ ಕೈ ಎತ್ತಿದರು. ಅವನಿಗೆ ಕಣ್ಣಲ್ಲಿ ನೀರೇ ಬಂತು.

"ಮಹಡಿ ಮೆಟ್ಟಿಲ ಕೆಳಗೆ ಮಂಚ ಹಾಕೋಣ," ಎಂದರು ಭಾವ.

"ಅಲ್ಲಿ ಗಾಳಿ ಬರಲ್ಲ. ಅಂಗಡಿ ಮೇಜಿನ ಮೇಲೇ ಇರಲಿ. ಬೆನ್ನು ನೆಟ್ಟಗಿರುತ್ತೆ," ಎಂದರು ಮೇಷ್ಟ್ರು.

"ಮೇಜು ಮಕ್ಕಳದ್ದು. ಮೆಟ್ಟಿಲ ಕೆಳಗಿನ ಜಾಗ ಯಾರಿಗೂ ಬರೆದಿಲ್ಲ. ಪತ್ರ ಸರಿಯಾಗಿ ಓದಿ."

"ನನಗೆ ಓದೋಕೆ ಬರಲ್ಲ ಅಂತೀರಾ? ಮೆಟ್ಟಿಲ ವಿಷಯ ನೀವು ಮಾತಾಡ್ತೀರಾ?"

"ಯಾವ ಮೆಟ್ಟಿಲು?"

"ಯಾವುದು ಅಂತ ನಿಮಗೆ ಗೊತ್ತು!"

ಟೇಪಣ್ಣ ನಡುವೆ ಹಾರಿ, "ಅದನ್ನ ನಾನೇ ಮುರಿದೆ! ಆಣೆಗೂ ನಾನೇ ಮುರಿದೆ!" ಎಂದು ಕೂಗಿದ. ಯಾರೂ ಕೇಳಿಸಿಕೊಳ್ಳಲಿಲ್ಲ. ಇತ್ತು, ಇರಲಿಲ್ಲ, ಇತ್ತು, ಇರಲಿಲ್ಲ. ಮೇಷ್ಟ್ರು ತಮ್ಮ ಏಣಿ ಹೆಗಲಿಗೆ ಹಾಕಿಕೊಂಡರು. ಅದರ ಇನ್ನೊಂದು ತುದಿ ಭಾವನ ಕೈಯಲ್ಲಿತ್ತು. ಸಾಕ್ಷ್ಯವನ್ನು ಸಾಗಿಸಲು ಬಿಡುವುದಿಲ್ಲ ಎಂದು ಭಾವ ಎಳೆದರು. ಬೀದಿಯ ಜನ ಎರಡು ಪಂಗಡವಾದರು. ಟೇಪಣ್ಣ ಏಣಿಯ ನಡುವೆ, ಮೆಟ್ಟಿಲಿಲ್ಲದ ಆ ಜಾಗದಲ್ಲಿ ತಲೆ ತೂರಿಸಿಕೊಂಡು ಇಬ್ಬರನ್ನೂ ಸಮಾಧಾನಪಡಿಸುತ್ತಾ ಹಿಂದೆ ಮುಂದೆ ಎಳೆದಾಡಿಸಿಕೊಂಡ. ಅವನಿಗೆ ಅಳು ಬಂದಿರಲಿಲ್ಲ. ಒಂದು ಕಡೆ ಕುಳಿತುಕೊಂಡರೆ ಸಾಕಾಗಿತ್ತು.

ಹಿಂದಿನ ಕೋಣೆಯ ಬಾಗಿಲು ತೆರೆಯಿತು. ಅಕ್ಕ ಗೋಡೆ ಹಿಡಿದು ಹೊರಗೆ ಬಂದಳು.

"ಏಣಿ ಕೆಳಗಿಡಿ," ಎಂದಳು. ಇಟ್ಟರು. "ನನ್ನ ಪಾಲಿನ ಸಾಲು ಯಾರಾದರೂ ಓದಿ."

ಮೇಷ್ಟ್ರು ಓದಿದರು. ಹಿಂದಿನ ಕೋಣೆ, ಜೀವ ಇರುವವರೆಗೂ. ಆಸರೆಗೆಂದು ಆಕೆಗೆ ಬೇಕಾದವರೊಬ್ಬರನ್ನು ಜೊತೆಯಲ್ಲಿ ಇಟ್ಟುಕೊಳ್ಳಬಹುದು. ಅದನ್ನು ಟ್ರಸ್ಟಿಗಳು ಪ್ರಶ್ನಿಸತಕ್ಕದ್ದಲ್ಲ.

"ಯಾರೂ ಪ್ರಶ್ನೆ ಕೇಳೋ ಹಾಗಿಲ್ಲ ತಾನೇ?"

"ಇಲ್ಲ," ಎಂದರು ಭಾವ.

"ಇಲ್ಲ," ಎಂದರು ಮೇಷ್ಟ್ರು.

"ಸರಿ. ನಾನು ಇವನನ್ನ ಇಟ್ಕೊಳ್ತೀನಿ. ಬಾರೋ ಒಳಗೆ."

ಟೇಪಣ್ಣ ಒಳಗೆ ಹೋದ. ಅಕ್ಕ ಬಾಗಿಲು ಹಾಕಿಕೊಂಡಳು. ಕೋಣೆಯಲ್ಲಿ ಒಂದು ಮಂಚ, ಅದರ ಪಕ್ಕ ಇನ್ನೊಂದು ಹಾಸಿಗೆಯಷ್ಟು ಜಾಗ, ಮೇಜಾಗಿದ್ದ ಟ್ರಂಕು. ಅವನು ಟ್ರಂಕಿನ ಮೇಲೆ ಕುಳಿತ. ಆಗ ಮಾತ್ರ ಅವನಿಗೆ ಅಳು ಬಂತು. ಅಕ್ಕನಿಗೆ ಸೂರು ಕೊಡುತ್ತೇನೆಂದು ಹೊರಟವನು ಈಗ ಅಕ್ಕನ ಸೂರಿನ ಕೆಳಗೆ ಕುಳಿತಿದ್ದ, ಚಿಕ್ಕಂದಿನಲ್ಲಿ ಕುಳಿತಿದ್ದ ಹಾಗೆಯೇ.

"ನಿನ್ನನ್ನ ನೀನೇ ಬಿಟ್ಟುಬಿಟ್ಟೆಯಲ್ಲೋ," ಎಂದಳು ಅಕ್ಕ.

"ಲೆಕ್ಕಕ್ಕೆ ಬರಲಿಲ್ಲ ಅಕ್ಕ."

"ಏಳು. ಕೈ ಎತ್ತು."

ಅವನು ಎದ್ದು ಕೈ ಎತ್ತಿದ. ಅಕ್ಕ ಅವನ ಕೊರಳಿನಿಂದ ಟೇಪು ತೆಗೆದು, ಕಣ್ಣಿಗೆ ಅಂಕೆ ಕಾಣದಿದ್ದರೂ ಬೆರಳಿನಿಂದ ತ‍ಡವಿ, ಅವನ ಬೆನ್ನು ಅಳೆದಳು, ಭುಜ ಅಳೆದಳು, ತೋಳು ಅಳೆದಳು. ಅವನು ಯಾರದೋ ಷರ್ಟಿನೊಳಗೆ ನೆಟ್ಟಗೆ ನಿಂತಿದ್ದ.

"ಅಳತೆ ಬರ್ಕೊಳ್ಳೋಕೆ ಯಾರೂ ಇಲ್ಲ ಅಕ್ಕ."

"ನಿನ್ನ ಅಳತೆ ನನಗೆ ಗೊತ್ತಿದೆ. ಈಗ ಎಷ್ಟು ಸೊರಗಿದ್ದೀಯ ಅಂತ ನೋಡ್ತಾ ಇದೀನಿ."

ಹೊರಗೆ ಏಣಿಯ ಜಗಳ ಮತ್ತೆ ಶುರುವಾಗಿತ್ತು. ಸ್ವಲ್ಪ ಹೊತ್ತಿಗೆ ಅದೂ ನಿಂತಿತು. ಯಾರೋ ಬಾಗಿಲು ತಟ್ಟಿದರು. ಮೇಷ್ಟ್ರ ದನಿ, ಅದರ ಹಿಂದೆ ಭಾವನ ಕೆಮ್ಮು.

"ಅಕ್ಕಾ, ಕೋಣೆ ಸ್ಥಿತಿಗತಿ ಒಂದು ಸಲ ನೋಡಬೇಕಿತ್ತು. ಇಬ್ಬರೂ ಒಪ್ಪಿದ್ದೇವೆ. ಒಳಗೆ ಬರಬಹುದಾ?"

"ಬರೋ ಹಾಗಿಲ್ಲ," ಎಂದಳು ಅಕ್ಕ, ಟೇಪು ಸುರುಳಿ ಸುತ್ತುತ್ತಾ. "ಇನ್ನೊಬ್ಬರಿಗೆ ಮಾತ್ರ ಅವಕಾಶ ಇತ್ತು. ಅದು ಭರ್ತಿಯಾಗಿದೆ."